ಎಲ್ಲರಿಗೂ ಆಗುವ ಪ್ರೀತಿ ನನಗೇಕೆ ಆಗುತ್ತಿಲ್ಲ?

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ ಹತ್ತೊಂಬತ್ತು. ಹಾಸನದಲ್ಲಿ ಎರಡನೇ ವರ್ಷದ ಬಿ.ಕಾಂ. ಬೇಲೂರು ಕಡೆಯ ಊರಿನಿಂದ ದಿನಾ ಬಸ್ಸಲ್ಲಿ ಓಡಾಟ. ಓದೋಕೆ ಮನಸ್ಸಿಲ್ಲ, ನಿದ್ದೆ ಬರಲ್ಲ ಅಂತ ಬಂದಿದ್ದಳು. ಮಾತಾಡುತ್ತಲೇ ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ್ದಳು. ಮಗುಚಿಟ್ಟ ಮೊಬೈಲ್ ಗುರ್ ಅಂದಾಗಲೆಲ್ಲ ಭುಜ ಬಿಗಿಯುತ್ತಿತ್ತು.

"ಯಾರಮ್ಮ ಅದು?"

"ಒಬ್ಬ ಇದಾನೆ ಮೇಡಂ. ಒಳ್ಳೆಯವನೇ. ನನ್ನಲ್ಲೇ ಏನೋ ಐಬಿದೆ."

ಕೆಲವು ತಿಂಗಳ ಹಿಂದೆ ನಾಲ್ವರು ಗೆಳತಿಯರು ಕ್ಲಾಸ್ ಬಿಟ್ಟು ಸಿನಿಮಾಕ್ಕೆ ಹೋಗಿದ್ದರು. ಕಾಲೇಜು ಹುಡುಗಿಯರ ಮೊದಲ ಪ್ರೀತಿಯ ಕಥೆ. ಇಂಟರ್‌ವಲ್ ಹೊತ್ತಿಗೆ ಮೂವರೂ ಅಳುತ್ತಿದ್ದರು. ಇವಳಿಗೆ ಹಸಿವಾಗಿತ್ತು! "ನಿಂಗೆ ಫೀಲಿಂಗ್ಸೇ ಇಲ್ಲ ಕಣೇ" ಅಂತ ಗೇಲಿ ಮಾಡಿದರಂತೆ. ಆ ಮೂವರಿಗೂ ಒಬ್ಬೊಬ್ಬ ಹುಡುಗ ಇದ್ದ. ಅದೇ ವಾರ ಬಸ್ಸಿನ ಸೀನಿಯರ್ ಒಬ್ಬ ಪ್ರಪೋಸ್ ಮಾಡಿದ. ಇವಳು ಹೂಂ ಅಂದಳು. ಹೂಂ ಅಂದಮೇಲೆ ಪ್ರೀತಿ ತಾನಾಗೇ ಬರುತ್ತೆ ಅಂದುಕೊಂಡಿದ್ದಳು. ಬರಲಿಲ್ಲ. ಬಂದದ್ದು ಅವನು ಮಾಡಿಸುವ ರೀಚಾರ್ಜಿನ ಹಂಗು, ಉತ್ತರ ತಡವಾದರೆ ಅವನ ಮುನಿಸು. ಈಗ ಗೊರೂರು ಡ್ಯಾಮಿಗೆ ಬೈಕಲ್ಲಿ ಹೋಗೋಣ ಅನ್ನುತ್ತಿದ್ದಾನೆ.

ಇಂಥ ಕಡೆ ಸಿನಿಮಾವನ್ನು ಬೈಯುವುದು ಸುಲಭ. ನನಗದು ಇಷ್ಟವಿಲ್ಲ, ನಾನೂ ಅಳುವವಳೇ. ಆದರೆ ಅದು ಕೆಲಸ ಮಾಡುವ ರೀತಿ ಗೊತ್ತಿರಬೇಕು. ನಾಲ್ಕು ನಿಮಿಷದ ಹಾಡಿನಲ್ಲಿ ಆರು ತಿಂಗಳು ಕಳೆದುಹೋಗುತ್ತವೆ. ಎಲ್ಲಿ ಎದೆ ಝಲ್ಲೆನ್ನಬೇಕು ಅಂತ ಹಿನ್ನೆಲೆ ಸಂಗೀತವೇ ಹೇಳಿಕೊಡುತ್ತದೆ. ನಾಯಕಿ ಬೇಡ ಅಂದರೆ ಅದು ಮುಂದಿನ ಸೀನಿನ ಹೂಂಗೆ ಪೀಠಿಕೆ, ಅಷ್ಟೇ. "ಆ ಹುಡುಗಿಯರು ಪರೀಕ್ಷೆ ಬರೆದಿದ್ದು ನೋಡಿದ್ಯಾ?" ಅಂದೆ. ಯೋಚಿಸಿ, "ಪರೀಕ್ಷೆನೇ ಇಲ್ಲ ಮೇಡಂ" ಅಂತ ಮೊದಲ ಸಲ ನಕ್ಕಳು.

ನಾನು ಹೇಳಿದ್ದು ಇಷ್ಟು. ಹತ್ತೊಂಬತ್ತಕ್ಕೆ ಪ್ರೀತಿ ಆಗದಿರುವುದು ಕಾಯಿಲೆಯಲ್ಲ. ಕೆಲವರಿಗೆ ತಡವಾಗಿ ಆಗುತ್ತದೆ, ಕೆಲವರಿಗೆ ಅದರ ಸೆಳೆತವೇ ಇರುವುದಿಲ್ಲ. ಹೂಂ ಅಂದವಳು ಆಮೇಲೆ ಬೇಡ ಅನ್ನಬಹುದು. ರೀಚಾರ್ಜ್ ಮಾಡಿಸಿದವನಿಗೆ ಮನಸ್ಸು ಬರೆದುಕೊಟ್ಟ ಹಾಗಲ್ಲ. ಇನ್ನು ಮುಂದೆ ಮಾಡಿಸಿಕೊಳ್ಳಬೇಡ, ಸಾಕು. ಹಳೇ ಲೆಕ್ಕ ತೆಗೆದರೆ ಮಾತು ಮತ್ತೆ ಶುರುವಾಗುತ್ತದೆ.

ಕಷ್ಟದ್ದು ಮೆಸೇಜ್. ಅವಳು ಮೊದಲು ಬರೆದದ್ದು: "ಮನೇಲಿ ಒಪ್ಪಲ್ಲ, ಓದು ಮುಗಿಯೋವರೆಗೂ ಬೇಡ, ಬೇಜಾರಾಗ್ಬೇಡ." ಇದನ್ನು ಓದಿದವನು ಮನೆಯವರನ್ನು ಒಪ್ಪಿಸಲು ಹೊರಡುತ್ತಾನೆ, ಇಲ್ಲವೇ ಓದು ಮುಗಿಯಲಿ ಅಂತ ಕಾಯುತ್ತಾನೆ, ಅಲ್ವಾ? ಕಾರಣ ಕೊಟ್ಟಷ್ಟೂ ಎದುರಿನವರು ಪರಿಹಾರ ಹುಡುಕುತ್ತಾರೆ. ಕೊನೆಗೆ ಉಳಿದದ್ದು: "ಯೋಚಿಸದೆ ಹೂಂ ಅಂದೆ, ಅದಕ್ಕೆ ಸಾರಿ. ನನಗೆ ಆ ಭಾವನೆ ಇಲ್ಲ. ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಇನ್ನು ಮೆಸೇಜ್ ಮಾಡಬೇಡ." ಒಂದೇ ಸಲ ಕಳಿಸು, ವಾದಕ್ಕಿಳಿಯಬೇಡ ಅಂದೆ. "ಕೊನೇ ಸಲ ಸಿಗು" ಅಂದರೆ ಒಬ್ಬಳೇ ಹೋಗಬೇಡ. ಚಾಟ್ ಅಳಿಸಬೇಡ. ಸ್ಪಷ್ಟವಾಗಿ ಬೇಡ ಅಂದಮೇಲೂ ಹುಡುಗಿಯ ಬೆನ್ನು ಬೀಳುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ತುರ್ತಿಗೆ 112. ರಾತ್ರಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

"ಅಮ್ಮಂಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ" ಅಂದಳು. ನಮ್ಮ ಕಡೆ ಅದು ಸುಮ್ನೆ ಭಯವಲ್ಲ. ಹಾಗಾಗಿ ಅಮ್ಮನಿಗೆ ಹೇಳಲೇಬೇಕು ಅಂತ ಒತ್ತಾಯಿಸಲಿಲ್ಲ. ಆದರೆ ದೊಡ್ಡವರೊಬ್ಬರಿಗೆ ಗೊತ್ತಿರಲಿ ಅಂದೆ. ಹಾಸನದಲ್ಲೇ ಇರುವ ಚಿಕ್ಕಮ್ಮನ ಹೆಸರು ಹೇಳಿದಳು.

ಮುಂದಿನ ಸಲ ಬಂದಾಗ ಮೆಸೇಜ್ ಹೋಗಿತ್ತು. ಹುಡುಗ ಎರಡು ದಿನ ಕಾರಣ ಕೇಳಿ, ಆಮೇಲೆ ಬೇರೆ ಬಸ್ಸು ಹಿಡಿದನಂತೆ. ಅವನಿಗೂ ನೋವಾಗಿರುತ್ತದೆ, ಪಾಪ. ನಿದ್ದೆ ಪರವಾಗಿಲ್ಲ. ಗೆಳತಿಯರು ಮಾತ್ರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಈಗ ಅವಳಿಗೆ ಜಾಸ್ತಿ ಚುಚ್ಚುತ್ತಿರುವುದು ಅದೇ, ಸದ್ಯ ನಾವು ಮಾತಾಡುತ್ತಿರುವುದೂ ಅದನ್ನೇ.