ಮಗಳ ಮನೆಗೆ ಯಾವ ಫರ್ನೇಸ್?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೇ ಮನೆ ಕೊಂಡಿದ್ದಾರೆ. ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಬದಲಿಸಬೇಕಂತೆ. 80 ಪರ್ಸೆಂಟಿನದು ಸಾಕೋ, ದುಬಾರಿಯ 95 ಪರ್ಸೆಂಟಿನದೇ ಬೇಕೋ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಮ್ಮಾ, ಅಲ್ಲಿಯ ಚಳಿಗೆ 95ರದ್ದನ್ನೇ ಹಾಕಿಸಲಿ. ಉರಿಸಿದ ಗ್ಯಾಸಿನ ಶಾಖದಲ್ಲಿ ನೂರಕ್ಕೆ ಎಷ್ಟು ಪಾಲು ಮನೆಗೆ ಸಿಗುತ್ತದೆ ಅನ್ನೋದೇ ಈ ಪರ್ಸೆಂಟು. ನಮ್ಮೂರ ಮಂಡಕ್ಕಿ ಭಟ್ಟಿಯ ಹೊಗೆ ಬಿಸಿಬಿಸಿಯಾಗೇ ಹೊರಗೆ ಹೋಗುತ್ತದೆ ಅಲ್ವಾ? 80ರ ಫರ್ನೇಸಿನಲ್ಲೂ ಹಾಗೇ ಶಾಖ ಸುಮ್ನೆ ಪೋಲು. 95ರದ್ದರಲ್ಲಿ ಎರಡನೇ ಹೀಟ್ ಎಕ್ಸ್‌ಚೇಂಜರ್, ಅಂದರೆ ಹೊಗೆಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಭಾಗ, ಇರುತ್ತದೆ. ಹೊಗೆಯೊಳಗಿನ ನೀರಾವಿ ಅಲ್ಲೇ ತಣಿದು ನೀರಾಗುತ್ತದೆ, ಆ ಶಾಖವೂ ಮನೆಗೇ ಸಿಗುತ್ತದೆ. ಅಣ್ಣನ ಮಗನ ಬೇಸ್‌ಮೆಂಟಿನಲ್ಲಿ ಇಂಥದೇ ಫರ್ನೇಸಿನ ಹೊಗೆ ಹೋಗುವ ಬಿಳಿ ಪಿವಿಸಿ ಪೈಪನ್ನು ಮುಟ್ಟಿ ನೋಡಿದ್ದೇನೆ. ಬೆಚ್ಚಗಿತ್ತು, ಅಷ್ಟೇ.

ಆ ನೀರಿಗೆ ಆಮ್ಲದ ಗುಣ ಇರುತ್ತದೆ. ಹರಿದುಹೋಗಲು ಪೈಪ್ ಬೇಕು, ಅದು ಹೆಪ್ಪುಗಟ್ಟದ ಜಾಗದಲ್ಲಿರಬೇಕು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಹೊಸ ಫರ್ನೇಸಿನ ಹೊಗೆ ಪಿವಿಸಿ ಪೈಪಿನಲ್ಲಿ ಹೋಗುವುದರಿಂದ ಹಳೇ ಚಿಮಣಿಯಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರಿನ ಹೊಗೆ ಒಂದೇ ಉಳಿದರೆ, ಅದಕ್ಕೆ ಆ ಚಿಮಣಿ ದೊಡ್ಡದಾಗಿಬಿಡಬಹುದು. ಹೊಗೆ ಸರಿಯಾಗಿ ಮೇಲೇರದೆ ಮನೆಯೊಳಗೇ ವಾಪಸ್ ಬರಬಹುದು. ಪರೀಕ್ಷೆ ಮಾಡಿಸಿ, ಬೇಕಿದ್ದರೆ ಚಿಮಣಿಯೊಳಗೆ ಲೈನರ್, ಅಂದರೆ ಸಣ್ಣ ಒಳಕೊಳವೆ, ಹಾಕಿಸಲಿ. ಹೊಗೆಯಲ್ಲಿರಬಹುದಾದ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಂದರೆ ಎಚ್ಚರಿಸುವ ಅಲಾರಂ ಅಂತೂ ಇರಲೇಬೇಕು. ಇವತ್ತೇ ಫೋನ್ ಮಾಡಿ ಹೇಳಿಬಿಡಿ.