ಟ್ರೋಪೋನಿನ್‌ಗೆ ಮತ್ತೆ ರಕ್ತ ತೆಗೆದದ್ದು ಯಾಕೆ?

ತಂದೆಯವರ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಪ್ರೋಟೀನ್) ಪರೀಕ್ಷೆಯ ಮೊದಲ ಸ್ಯಾಂಪಲ್ ‘ಹೀಮೊಲೈಸ್ ಆಗಿದೆ’, ಅಂದರೆ ಕೆಂಪು ರಕ್ತಕಣ ಒಡೆದಿವೆ, ಅಂತ ಲ್ಯಾಬ್‌ನವರು ತಿರಸ್ಕರಿಸಿ, ಮತ್ತೆ ರಕ್ತ ತೆಗೆಸಿದ್ದು ದುಡ್ಡು ಕೀಳೋಕಾ ಅಂತ ಕೇಳಿದ್ದೀರಿ. ಅಲ್ಲ ಸರ್, ಲ್ಯಾಬ್ ಮಾಡಿದ್ದು ಸರಿಯಾಗೇ ಇದೆ. ಎರಡನೇ ಸಲಕ್ಕೂ ಬಿಲ್ ಹಾಕಿದ್ದರೆ ಮಾತ್ರ ಜಗಳ ಆಡಿ!

ಕೆಂಪು ರಕ್ತಕಣ ಒಡೆದರೆ ಒಳಗಿನ ಹಿಮೋಗ್ಲೋಬಿನ್ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವಕ್ಕೆ, ಅಂದರೆ ಸೀರಮ್‌ಗೆ ಸೇರುತ್ತೆ. ಪೊಟ್ಯಾಶಿಯಂ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ. ಟ್ರೋಪೋನಿನ್ ಕಥೆ ಇನ್ನೂ ತಕರಾರಿನದು, ಅದರಲ್ಲಿ ಟಿ ಮತ್ತು ಐ ಅಂತ ಅಳೆಯೋ ಎರಡು ಬಗೆ ಇವೆ: ಕೆಲವು ಟ್ರೋಪೋನಿನ್ ಟಿ ಕಿಟ್‌ಗಳಲ್ಲಿ ಅಂಕಿ ಇಳಿಯುತ್ತೆ, ಕೆಲವು ಟ್ರೋಪೋನಿನ್ ಐ ಕಿಟ್‌ಗಳಲ್ಲಿ ಏರುತ್ತೆ. ಇಳಿದರೆ ನಿಜವಾದ ಹಾರ್ಟ್ ಅಟ್ಯಾಕ್ ಕೈತಪ್ಪಿ ಹೋಗಬಹುದು. ಎಮರ್ಜೆನ್ಸಿ ವಾರ್ಡಲ್ಲಿ ಹೀಗೆ ರಕ್ತಕಣ ಒಡೆಯೋದು ಮಾಮೂಲು. ಡ್ರಿಪ್‌ಗೆ ಹಾಕಿದ ಕ್ಯಾನುಲಾದಿಂದಲೇ ಸಿರಿಂಜಲ್ಲಿ ಜೋರಾಗಿ ಎಳೀತಾರೆ, ಆಮೇಲೆ ಟ್ಯೂಬನ್ನು ಗಡಗಡ ಅಲ್ಲಾಡಿಸ್ತಾರೆ. ಸೀರಮ್ ಟ್ಯೂಬ್ ಪೂರ್ತಿ ಹೆಪ್ಪುಗಟ್ಟೋ ಮೊದಲೇ ಗಿರ್ರನೆ ತಿರುಗಿಸಿ ಸೀರಮ್ ಬೇರ್ಪಡಿಸೋ ಸೆಂಟ್ರಿಫ್ಯೂಜ್‌ಗೆ ಹಾಕಿದರೂ ತೊಂದರೆ: ಹೆಪ್ಪಿನ ಎಳೆ (ಫೈಬ್ರಿನ್) ಉಳಿದು ಟ್ರೋಪೋನಿನ್ ಸುಳ್ಳಾಗಿ ಏರಬಹುದು. ಅದಕ್ಕೇ ಎಷ್ಟೋ ಕಡೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬಳಸ್ತಾರೆ.

ಒಂದರಿಂದ ಮೂರು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೇಳಿದರೆ ಗಾಬರಿ ಬೇಡ, ಅದು ಏರಿಳಿತ ನೋಡೋದಕ್ಕೆ. ಬೇರೆ ಲ್ಯಾಬಿನ ಅಂಕಿ ಜೊತೆ ಹೋಲಿಸಬೇಡಿ, ಟಿ ಮತ್ತು ಐ ಅಳತೆಗಳು ಬೇರೆಬೇರೆ. ತಂದೆಯವರು ಕೂದಲಿಗೋ ಉಗುರಿಗೋ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಅದರಿಂದ ಟ್ರೋಪೋನಿನ್ ಕಮ್ಮಿ ತೋರಿಸಬಹುದು ಅಂತ 2017ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು.