ಸಿಂಕ್ ಮೂಲೆಯಲ್ಲಿ ಗ್ರಾನೈಟ್ ಸೀಳಿದೆ, ಯಾವ ಅಂಟು ಹಾಕಲಿ?

ಮನೆ ಕಟ್ಟಿ ಇನ್ನೂ ವರ್ಷವಾಗಿಲ್ಲ, ಸಿಂಕ್ ಮೂಲೆಯಿಂದ ಅಡುಗೆ ಕಟ್ಟೆಯ ಮುಂದಿನ ಅಂಚಿನವರೆಗೆ ಬಿರುಕು ಬಿಟ್ಟಿದೆ ಅಂತ ಬರೆದಿದ್ದೀರಿ. ದಯವಿಟ್ಟು ಅಂಟು ತರೋದಕ್ಕೆ ಈಗಲೇ ಅಂಗಡಿಗೆ ಹೋಗಬೇಡಿ. ನಾನು ಮೂರು ಸಾರಿ ಹೋದವನು.

ನಮ್ಮದು ಗಂಗಾವತಿ. ಕಟ್ಟೆಗೆ ಹಾಕಿಸಿದ್ದು ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್. ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿತ್ತು. ಕೆಲಸದವರು ಬೆಳಿಗ್ಗೆ ಬಂದು ಸಂಜೆಯೊಳಗೆ ಕಲ್ಲು ಕೂರಿಸಿ ಹೋದರು. ಎಂಟು ತಿಂಗಳಿಗೆ ಕೂದಲಿನಷ್ಟು ಸಣ್ಣ ಗೆರೆ ಕಾಣಿಸಿತು. ಕರೆದು ತೋರಿಸಿದರೆ "ಬಿಸಿ ಬೋಗುಣಿ ಇಟ್ಟಿರ್ತೀರಿ ಬಿಡ್ರಿ" ಅಂದರು. ನಾನು ನಂಬಿಬಿಟ್ಟೆ. ಬಿಸಿ ಪಾತ್ರೆ ಇಳಿಸೋದು ಒಲೆ ಪಕ್ಕ. ಬಿರುಕು ಬಿಟ್ಟಿದ್ದು ಸಿಂಕ್ ಪಕ್ಕ. ಅಷ್ಟೂ ಹೊಳೆಯಲಿಲ್ಲ.

ಅವ್ವ ದಿನಾ ಸಿಂಕಿನ ಎಡಕ್ಕೆ ನಿಂತು ಕಟ್ಟೆ ಮೇಲೆಯೇ ಜೋಳದ ರೊಟ್ಟಿ ಬಡಿಯುತ್ತಾಳೆ. ಗೆರೆ ಕಾಣುವ ಮೊದಲೇ ಒಂದು ದಿನ ಹೇಳಿದ್ದಳು: "ಇಲ್ಲಿ ಬಡದ್ರ ಸಪ್ಪಳ ಬ್ಯಾರೆ ಬರ್ತೈತಿ, ಕೆಳಗ ಪೊಳ್ಳು ಐತೇನು ನೋಡಪಾ." ನಾನು ನೋಡಲಿಲ್ಲ. ನನ್ನ ತಪ್ಪು ಇದೊಂದೇ, ಇದನ್ನು ಬಿಡಿಸಿ ಹೇಳಲೇಬೇಕು. ಕಟ್ಟೆ ಕೆಳಗಿನ ಡಬ್ಬಿಗಳನ್ನು ಸರಿಸಿ, ಟಾರ್ಚ್ ಹಿಡಿದು ಬಗ್ಗಿದ್ದರೆ ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಮೇಲಿನ ಗೆರೆಯನ್ನೇ ನೋಡುತ್ತಾ ಕೂತೆ. ಮೊದಲು ಬಿಳಿ ಸಿಮೆಂಟ್ ತುಂಬಿದೆ, ಹದಿನೈದು ದಿನಕ್ಕೆ ಉದುರಿತು. ಆಮೇಲೆ ಎರಡು ಟ್ಯೂಬಿನ ಎಪಾಕ್ಸಿ ಅಂಟಿಗೆ ಕೆಂಪು ಬಣ್ಣ ಕಲಸಿ ತುಂಬಿದೆ. ಎಷ್ಟು ನೀಟಾಗಿ ಕೂತಿತು ಅಂದರೆ ಬಂದವರಿಗೆಲ್ಲ ತೋರಿಸಿದೆ. ಮೂರು ತಿಂಗಳಿಗೆ ಮತ್ತೆ ಬಾಯಿಬಿಟ್ಟಿತು, ಈ ಸಾರಿ ಒಂದು ಬದಿ ಕೆಳಗಿಳಿದಿತ್ತು. ಬೆರಳು ಆಡಿಸಿದರೆ ಉಗುರು ತಡೆಯುತ್ತಿತ್ತು. ಆಗಲೂ ಬಗ್ಗಿ ನೋಡಲಿಲ್ಲ. ಪಾಲಿಶ್ ಮಾಡುವವರನ್ನು ಕರೆಸಿ ಮೂರನೇ ಸಾರಿ ತುಂಬಿಸಿದೆ. ತಿಂಗಳೊಳಗೆ ಅವ್ವ ನೀರು ತುಂಬಿದ ಕೊಡ ಇಡುವಾಗ ಸಿಂಕಿನ ಮುಂದಿನ ಪಟ್ಟಿ ಗೇಣುದ್ದ ಮುರಿದು ಬಿತ್ತು. ಸ್ವಲ್ಪದರಲ್ಲಿ ಅವಳ ಕಾಲು ಉಳಿಯಿತು.

ಆಮೇಲೆ ಬಗ್ಗಿದೆ. ಗ್ರಾನೈಟ್‌ಗೆ ಆಸರೆಯಾಗಿ ಕೆಳಗೆ ಹಾಕಿದ್ದ ಕಡಪ ಕಲ್ಲಿನಲ್ಲಿ ಸಿಂಕಿನ ಕಿಂಡಿಯನ್ನು ಸಿಂಕಿಗಿಂತ ಅಗಲವಾಗಿ ಕತ್ತರಿಸಿದ್ದರು. ಮುಂದಿನ ಎರಡೂವರೆ ಇಂಚಿನ ಪಟ್ಟಿಗೆ ಕೆಳಗೆ ಏನೂ ಇರಲಿಲ್ಲ, ಗಾಳಿಯಲ್ಲಿತ್ತು. ಉಳಿದ ಕಡೆ ಮಾಲನ್ನು, ಅಂದರೆ ಸಿಮೆಂಟ್ ಮರಳು ಕಲಸಿದ ಗಾರೆಯನ್ನು, ಪೂರ್ತಿ ಹಾಸದೆ ಐದಾರು ಉಂಡೆ ಇಟ್ಟು ಅದರ ಮೇಲೆ ಕಲ್ಲು ಕೂರಿಸಿದ್ದರು. ಮಟ್ಟ ಬೇಗ ಸಿಗುತ್ತದಲ್ವಾ, ಅದಕ್ಕೆ. ಸಿಂಕಿನ ಮೂಲೆಗಳನ್ನು ಕಟ್ಟರ್‌ನಿಂದ ಚೌಕಾಗಿ ಕೊಯ್ದಿದ್ದರು, ಬ್ಲೇಡಿನ ಗೀರು ಮೂಲೆ ದಾಟಿ ಮುಂದೆ ಹೋಗಿತ್ತು. ಬಿರುಕು ಹುಟ್ಟಿದ್ದು ಆ ಗೀರಿನಲ್ಲೇ. 18 ಮಿಲಿಮೀಟರ್ ಕಲ್ಲು, ಅದಕ್ಕೆ ನೇತುಬಿದ್ದ ತುಂಬಿದ ಸಿಂಕು, ಪಕ್ಕದಲ್ಲಿ ದಿನಾ ರೊಟ್ಟಿಯ ಬಡಿತ. ಒಡೆದ ಎರಡು ತುಂಡನ್ನು ಅಂಟು ಹಿಡಿದುಕೊಳ್ಳುತ್ತದೆ ಅಷ್ಟೇ, ಕಲ್ಲಿನ ಭಾರ ಹೊರೋದಿಲ್ಲ.

ಕೊನೆಗೆ ಒಬ್ಬ ಹಳೆಯ ಗೌಂಡಿ ಸರಿಮಾಡಿಕೊಟ್ಟರು. ಎರಡು ದಿನ ಸಿಂಕ್ ಬಳಸದೆ ಒಣಗಲು ಬಿಟ್ಟೆವು, ಒದ್ದೆ ಕಲ್ಲಿಗೆ ಎಪಾಕ್ಸಿ ಸರಿಯಾಗಿ ಹಿಡಿಯೋದಿಲ್ಲ. ಕೆಳಗಿನಿಂದ ಹಲಗೆ ಕೊಟ್ಟು, ಕಾರಿನ ಜಾಕಿಯಿಂದ ಕೂದಲು ಕೂದಲಿನಷ್ಟೇ ಎತ್ತಿ ಎರಡೂ ಬದಿ ಸಮ ಮಾಡಿದರು. ಜಾಸ್ತಿ ಎತ್ತಿದರೆ ಇನ್ನೊಂದು ಕಡೆ ಸೀಳುತ್ತದೆ. ಮುಂದಿನ ಪಟ್ಟಿಯ ಕೆಳಗೆ ಕಬ್ಬಿಣದ ಎಲ್ ಆಂಗಲ್‌ಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು, ಎರಡೂ ತುದಿ ಗೋಡೆಗೆ ಹುಗಿದರು. ಪೊಳ್ಳು ಇದ್ದ ಕಡೆಯೆಲ್ಲ ಗಟ್ಟಿ ಮಾಲು ತುರುಕಿದರು. ಇಷ್ಟಾದ ಮೇಲೆ ಬಿರುಕನ್ನು ಅಸಿಟೋನ್‌ನಿಂದ ಒರೆಸಿ, ಮುರಿದ ತುಂಡನ್ನು ಕೂಡಿಸಿ, ಅದೇ ಕಲ್ಲಿನ ಪುಡಿ ಬೆರೆಸಿದ ಎಪಾಕ್ಸಿ ತುಂಬಿದರು. ಒಂದು ಪೂರ್ತಿ ದಿನ ಮುಟ್ಟಲಿಲ್ಲ. ಮರುದಿನ ಬ್ಲೇಡಿನಿಂದ ಹೆರೆದು ಮಟ್ಟ ಮಾಡಿದರು. ಹತ್ತಿರ ಹೋದರೆ ಗೆರೆ ಕಾಣುತ್ತದೆ. ಮೂರು ವರ್ಷವಾಯಿತು, ಕದಲಿಲ್ಲ.

ಕಲ್ಲನ್ನೇ ಬದಲಿಸಿ ಅಂತ ಯಾರಾದರೂ ಅಂದರೆ ಸುಮ್ನೆ ಒಪ್ಪಬೇಡಿ. ಅದೇ ಪೊಳ್ಳಿನ ಮೇಲೆ ಹೊಸ ಕಲ್ಲು ಕೂರಿಸಿದರೆ ಅದೂ ಒಡೆಯುತ್ತದೆ. ಚೂರು ಚೂರಾಗಿದ್ದರೆ ಮಾತ್ರ ಬದಲಿಸಿ. ಆಗ ಸಿಂಕಿನ ನಾಲ್ಕೂ ಮೂಲೆಯಲ್ಲಿ ಮೊದಲು ದುಂಡಗೆ ರಂಧ್ರ ಕೊರೆಸಿ, ಆಮೇಲೆ ಕೊಯ್ಯಿಸಿ. ಮಾಲು ಪೂರ್ತಿ ಹಾಸುವವರೆಗೆ ಪಕ್ಕದಲ್ಲೇ ನಿಂತಿರಿ.

ಇವತ್ತು ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ನಾಣ್ಯದಿಂದ ಕಟ್ಟೆಯುದ್ದಕ್ಕೂ ತಟ್ಟಿ ನೋಡಿ. ಸಪ್ಪಳ ಬದಲಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಕೆಳಗೆ ಬಗ್ಗಿ ಫೋಟೊ ತೆಗೆದು ಇಲ್ಲೇ ಹಾಕಿ. ಅಲ್ಲಿಯವರೆಗೆ ಸಿಂಕ್ ಪಕ್ಕ ರೊಟ್ಟಿ ಬಡಿಯಬೇಡಿ, ತುಂಬಿದ ಕೊಡವನ್ನೂ ಇಡಬೇಡಿ.